ಕತ್ತರಿ ಬಿದ್ದ ಬಟ್ಟಲು

ವಾಷರ್ ನೋಡುವಾಗ ನಮ್ಮ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಅಮ್ಮ ಕಿಟಕಿಯ ಪಕ್ಕ ಕೂತು, ಕುದಿಸಿ ದಂಡೆಯ ಮೇಲೆ ಒಣಗಿಸಿದ, ಜಾಮ್ ಜಾಡಿಯ ಮುಚ್ಚಳಕ್ಕೆ ಹಾಕುವ ರಬ್ಬರ್ ವಾಷರುಗಳನ್ನು ಅಗಲವಾದ ತಟ್ಟೆಯಲ್ಲಿ ಹರವಿಕೊಳ್ಳುತ್ತಾಳೆ. ಒಂದೊಂದನ್ನೇ ಎತ್ತಿ, ಎರಡು ಕೈಯಲ್ಲಿ ಎಳೆದು, ಕಿವಿಯ ಹತ್ತಿರ ಹಿಡಿಯುತ್ತಾಳೆ. ಒಳಗೆ ಬಿರುಕು ಬಿಟ್ಟ ರಬ್ಬರು ಕಿರ್ ಎಂದು ಸಣ್ಣ ಸದ್ದು ಮಾಡುತ್ತದೆ. ಆ ಸದ್ದು ಅಮ್ಮನಿಗೆ ಬಿಟ್ಟರೆ ಬೇರೆ ಯಾರಿಗೂ ಕೇಳುವುದಿಲ್ಲ. ಆಮೇಲೆ ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡುತ್ತಾಳೆ. ಚೆನ್ನಾಗಿರುವುದು ಬಲಗಡೆಗೆ. ಕೆಟ್ಟದ್ದನ್ನು ಕತ್ತರಿಯಿಂದ ಎರಡು ತುಂಡು ಮಾಡಿ ಎಡಗಡೆಗೆ. ಹಾಗೇ ಬಿಸಾಕಿದರೆ ಅವಸರದಲ್ಲಿ ಯಾರಾದರೂ ಮತ್ತೆ ಎತ್ತಿ ಜಾಡಿಗೆ ಹಾಕಿಬಿಡಬಹುದು. ಒಂದು ಜಾಡಿಯೊಳಗೆ ಗಾಳಿ ಹೋಗಿ ಜಾಮ್‌ಗೆ ಬೂಷ್ಟು ಹಿಡಿದರೂ ಅಂಗಡಿಯವರು ಇಡೀ ಪೆಟ್ಟಿಗೆ ವಾಪಸ್ ಕಳಿಸುತ್ತಾರೆ. ಅಪ್ಪ ತೀರಿಹೋದ ಮೇಲೆ ಈ ಜಾಮಿನ ಕೆಲಸದಿಂದಲೇ ಮನೆ ನಡೆದಿದೆ. ಅದಕ್ಕೇ ಅಮ್ಮನ ಕತ್ತರಿಗೆ ಕರುಣೆ ಎಂಬುದಿಲ್ಲ.

ಆ ದಿನ ನಾನು ಮೂಲೆಯಲ್ಲಿ ಜಾಡಿ ಒರೆಸುತ್ತಿದ್ದೆ. ಅಜ್ಜಿ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಎಚ್ಚರವಾಗಿದ್ದಳು. ಅತ್ತಿಗೆ ಹಿತ್ತಲಲ್ಲಿ ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು. ಅಮ್ಮನ ಕೈಗೆ ತಟ್ಟೆಯಿಂದ ಬೇರೆ ಥರದ್ದೊಂದು ಬಂತು. ವಾಷರಿನ ಹಾಗೆ ಸುತ್ತ ಬಿಗಿಯಾದ ಅಂಚು, ಆದರೆ ನಡುವೆ ತೂತಿಲ್ಲ. ಮೆತ್ತಗಿನ ಒಂದು ಪುಟ್ಟ ಬಟ್ಟಲಿನಂತಿತ್ತು. ಅಮ್ಮ ಹುಬ್ಬು ಗಂಟಿಕ್ಕಿ ಅದನ್ನು ಎಳೆದಳು, ಕಿವಿಗೆ ಹಿಡಿದಳು, ಬೆಳಕಿಗೆ ಹಿಡಿದಳು. ಜಾಡಿಯ ಬಾಯಿಗಿಟ್ಟು ನೋಡಿದಳು. ಕೂರಲಿಲ್ಲ. ಕತ್ತರಿ ತಗೊಂಡು ನಡುವೆ ಕತ್ತರಿಸಿ ಎಡಗಡೆಗೆ ಹಾಕಿದಳು.

ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಅತ್ತಿಗೆ ಒಳಗೆ ಬಂದದ್ದು ಆಗಲೇ. ಕಿಟಕಿಯ ದಂಡೆ ನೋಡಿದಳು. ಅಲ್ಲಿ ಹಾಸಿದ್ದ ಬಟ್ಟೆ ಖಾಲಿಯಿತ್ತು. ಆಮೇಲೆ ಅಮ್ಮನ ಎಡಗಡೆಯ ರಾಶಿ ನೋಡಿದಳು. ಮುಖದ ಬಣ್ಣವೇ ಇಳಿದುಹೋಯಿತು. ಮಗುವನ್ನು ನನ್ನ ಮಡಿಲಿಗೆ ಹಾಕಿ, ಬಗ್ಗಿ, ಆ ಎರಡು ತುಂಡುಗಳನ್ನು ಮಾತ್ರ ಆರಿಸಿಕೊಂಡು ತನ್ನ ಕೋಣೆಗೆ ಹೋಗಿಬಿಟ್ಟಳು.

“ಏನಾಯ್ತೇ ಇವಳಿಗೆ?” ಅಂದಳು ಅಮ್ಮ.

ನಾನು ಮಗುವಿನ ತಲೆ ಒರೆಸಿದೆ. ಮಗುವನ್ನು ಎಲ್ಲರೂ ಗುಬ್ಬಿ ಎನ್ನುತ್ತೇವೆ. ಆಗ ತಾನೇ ಗೋಡೆ ಹಿಡಿದು ನಡೆಯಲು ಕಲಿಯುತ್ತಿತ್ತು.

“ಕೆಟ್ಟ ವಾಷರ್ ಕೋಣೆಗೆ ತಗೊಂಡು ಹೋದ್ಳಲ್ಲ! ಮಗು ಬಾಯಿಗೆ ಹಾಕ್ಕೊಂಡ್ರೆ?”

“ಅದು ವಾಷರ್ ಅಲ್ಲ ಅನ್ಸುತ್ತಮ್ಮ,” ಅಂದೆ.

“ಮತ್ತೇನು?”

ನನಗೂ ಗೊತ್ತಿರಲಿಲ್ಲ. ಆದರೆ ಅತ್ತಿಗೆ ಅದನ್ನು ಸೋಪು ಹಾಕಿ ತೊಳೆಯುವುದನ್ನೂ, ಬಟ್ಟೆಯ ಮಡಿಕೆಯಲ್ಲಿ ಮುಚ್ಚಿ ದಂಡೆಯ ಮೇಲಿಡುವುದನ್ನೂ ನೋಡಿದ್ದೆ. ಅಣ್ಣ ಮನೆಗೆ ಬಂದಿದ್ದಾಗ ಮಾತ್ರ ಅದು ಹೊರಗೆ ಬರುತ್ತಿತ್ತು. ಈ ಸಲ ಅಣ್ಣನ ಫೋನ್ ಬಂದಿತ್ತು, ಇನ್ನೆರಡು ವಾರದಲ್ಲಿ ಬರುತ್ತೇನೆ ಎಂದು. ಅದಕ್ಕೇ ಅವಳು ಡಬ್ಬಿಯಿಂದ ತೆಗೆದು ತೊಳೆದಿಟ್ಟಿದ್ದಳು.

ಸಂಜೆ ಊಟದ ಮೇಜಿನಲ್ಲಿ ಅತ್ತಿಗೆ ಅನ್ನ ಕಲಸುತ್ತ ಕೂತಳೇ ಹೊರತು ಬಾಯಿಗಿಡಲಿಲ್ಲ.

“ನಾನು ಏನು ಕತ್ತರಿಸಿದೆ ಅಂತ ಹೇಳ್ತೀಯೋ ಇಲ್ವೋ?” ಅಮ್ಮ ಕೇಳಿದಳು. “ಬೆಳಗಿಂದ ಮುಖ ಊದಿಸ್ಕೊಂಡಿದ್ದೀಯ. ಬೇಕಾಗಿದ್ದಾಗಿದ್ರೆ ಹೊಸದು ತರಿಸೋಣ. ಜಾಡಿ ಅಂಗಡೀಲಿ ಸಿಗುತ್ತಾ?”

ಅತ್ತಿಗೆಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. “ಜಾಡಿ ಅಂಗಡೀಲಿ ಸಿಗಲ್ಲ ಅತ್ತೆ. ಆಸ್ಪತ್ರೇಲಿ ಅಳತೆ ನೋಡಿ ಕೊಡ್ತಾರೆ.”

“ಯಾತರ ಅಳತೆ?”

“ನನ್ನ ಅಳತೆ.”

ಅಮ್ಮನಿಗೆ ಅರ್ಥವಾಗಲಿಲ್ಲ. ಅಜ್ಜಿಗೆ ಆಯಿತು. ಅಜ್ಜಿ ಚಮಚ ಕೆಳಗಿಟ್ಟು, “ಎಲ್ಲಿ, ತಗೊಂಡು ಬಾ ನೋಡೋಣ,” ಅಂದಳು. “ನಮ್ಮ ಕಾಲದಲ್ಲಿ ಇಂಥದ್ದಿದೆ ಅಂತ ಯಾರೂ ಹೇಳಿರಲಿಲ್ಲ. ಹೇಳಿದ್ರೆ ಅಷ್ಟೊಂದು ಮಕ್ಕಳು ಹುಟ್ಟಿ ಈ ಮನೇಲಿ ಕುರ್ಚಿಗೆ ಜಗಳ ಆಡ್ತಿರಲಿಲ್ಲ.”

“ಏನು ಅತ್ತೆ ನೀವು ಹೇಳ್ತಿರೋದು?” ಅಮ್ಮ ಅಜ್ಜಿಯ ಕಡೆ ತಿರುಗಿದಳು.

“ಬಸಿರಾಗದ ಹಾಗೆ ಒಳಗಿಟ್ಕೊಳ್ಳೋದು ಕಣೇ. ನಿನ್ನ ಸೊಸೆದನ್ನ ನೀನು ಜಾಡಿಗೆ ಇಟ್ಟು ನೋಡಿದ್ದೀಯ.”

ಅಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು. ಎದ್ದು ಹೋಗಿ ಕೈ ತೊಳೆದು ಬಂದಳು. ಕೂತಳು. ಮತ್ತೆ ಎದ್ದಳು. “ಅಡುಗೆಮನೆ ಕಿಟಕೀಲಿ ಇಡೋ ವಸ್ತುನಾ ಅದು? ಜಾಮ್ ಜಾಡಿ ಮುಚ್ಚಳದ ಪಕ್ಕದಲ್ಲಿ?”

“ಬಿಸಿಲು ಬರೋದು ಅಲ್ಲಿ ಮಾತ್ರ ಅತ್ತೆ. ಒದ್ದೆ ಇಟ್ರೆ ಹಾಳಾಗುತ್ತೆ.”

“ಹೇಳೋಕೇನಾಗಿತ್ತು?”

“ಏನಂತ ಹೇಳ್ಲಿ? ನೀವು ದಿನಾ ಗುಬ್ಬಿಗೆ ಜೊತೆ ಬೇಕು, ಗುಬ್ಬಿಗೆ ಜೊತೆ ಬೇಕು ಅಂತೀರಿ.”

“ಅಂದ್ರೆ? ಒಂದೇ ಸಾಕು ಅಂತ ನೀನೇ ತೀರ್ಮಾನ ಮಾಡಿದ್ಯಾ?”

“ಸಾಕು ಅಂತ ಅಲ್ಲ. ಈಗ ಬೇಡ ಅಂತ. ಡಾಕ್ಟರ್ ಹೇಳಿದ್ದು ನೀವೂ ಕೇಳಿಸ್ಕೊಂಡಿದ್ದೀರಿ. ಬೇಗ ಇನ್ನೊಂದಾದ್ರೆ ಈ ಸಲ ನನ್ನನ್ನ ಉಳಿಸ್ಕೊಳ್ಳೋದು ಕಷ್ಟ ಅಂದ್ರು. ನುಂಗೋ ಮಾತ್ರೆ ಕೊಡೋ ಹಾಗಿಲ್ಲ, ನನಗೆ ರಕ್ತದೊತ್ತಡ. ಇನ್ನೇನು ಮಾಡ್ಲಿ?”

ಅತ್ತಿಗೆಯ ಹೆರಿಗೆಯ ದಿನ ವಾರ್ಡಿನಲ್ಲಿದ್ದವಳು ಅಮ್ಮ. ರಕ್ತ ನಿಲ್ಲದೆ ಹಾಸಿಗೆ ನೆನೆದು ಕೆಳಗೆ ತೊಟ್ಟಿಕ್ಕಿತ್ತಂತೆ. ನಾನು ಬಾಗಿಲ ಹೊರಗೆ ನಿಂತು ಅಮ್ಮನ ಚಪ್ಪಲಿಯ ಹೆಜ್ಜೆ ಗುರುತು ಮಾತ್ರ ನೋಡಿದ್ದೆ. ಅದು ಕೆಂಪಗಿತ್ತು. ಅಮ್ಮ ಆ ಚಪ್ಪಲಿಯನ್ನು ಮತ್ತೆ ಹಾಕಲೇ ಇಲ್ಲ.

ಅಮ್ಮ ಅತ್ತಿಗೆಯ ತಟ್ಟೆಗೆ ಮೊಟ್ಟೆಯೊಂದನ್ನು ಹಾಕಿದಳು. “ತಿನ್ನು. ತಣ್ಣಗಾಗ್ತಿದೆ,” ಅಂದಳು.

ಮಾರನೆಯ ಬೆಳಿಗ್ಗೆ ಹಣ್ಣು ಹೆಚ್ಚುವ ಕೆಲಸ ಬೆಟ್ಟದಷ್ಟಿತ್ತು. ಆದರೂ ಅಮ್ಮ ನನ್ನ ಕೈಯಿಂದ ಚಾಕು ಕಿತ್ತುಕೊಂಡು, “ನೀನು ಇವಳ ಜೊತೆ ಆಸ್ಪತ್ರೆಗೆ ಹೋಗು. ಹೊಸದು ತಗೊಂಡೇ ಬನ್ನಿ,” ಅಂದಳು. ಬಾಗಿಲ ತನಕ ಬಂದು ದನಿ ತಗ್ಗಿಸಿ ಅತ್ತಿಗೆಗೆ ಹೇಳಿದಳು: “ಹಳೇದು ಹೇಗೆ ಹಾಳಾಯ್ತು ಅಂದ್ರೆ ಇಲಿ ಕಚ್ತು ಅನ್ನು.”

ದಾರಿಯುದ್ದಕ್ಕೂ ಅತ್ತಿಗೆ ಆ ಇಲಿಯನ್ನು ನೆನೆಸಿಕೊಂಡು ನಗುತ್ತಿದ್ದಳು. ಆಸ್ಪತ್ರೆಯಲ್ಲಿ ನರ್ಸು ಕೇಳಿದಾಗ ಮಾತ್ರ, “ಅತ್ತೆ ಕತ್ತರಿಸಿದ್ರು,” ಎಂದುಬಿಟ್ಟಳು.

ನರ್ಸು ಬರೆಯುತ್ತಿದ್ದವರು ತಲೆ ಎತ್ತಿದರು. “ಬೇಕಂತನಾ?”

“ಇಲ್ಲ. ವಾಷರ್ ಅಂದ್ಕೊಂಡು.”

ನರ್ಸು ನಗಲಿಲ್ಲ. ಆದರೆ ಬರೆಯುವ ಪೆನ್ನು ಸ್ವಲ್ಪ ಹೊತ್ತು ಅಲ್ಲಾಡಿತು. “ಅವಳ ಅಳತೇದು ಈಗ ಇಲ್ಲಿಲ್ಲ. ತರಿಸಬೇಕು. ಬರೋಕೆ ವಾರಗಳಾಗಬಹುದು. ಅಲ್ಲಿ ತನಕ ಕಾಂಡೋಮ್ ಇರಲಿ,” ಎಂದು ನನ್ನನ್ನು ನೋಡಿ ಹೇಳಿದರು, ನಾನೇ ಅವಳ ತಾಯಿ ಎಂಬಂತೆ. ಆಮೇಲೆ ಅತ್ತಿಗೆಯ ಕಡೆ ತಿರುಗಿದರು. “ಹೋದ ಸಲ ಮೂತ್ರ ಮಾಡುವಾಗ ಉರಿ ಅಂದಿದ್ಯಲ್ಲ, ಅದು ಹೋಯ್ತಾ?”

“ಹೋಗಿತ್ತು. ಮತ್ತೆ ಶುರುವಾಗಿದೆ.”

“ಗಂಡನಿಗೂ ಅಂತ ಕೊಟ್ಟ ಮಾತ್ರೆ ಅವರು ತಗೊಂಡ್ರಾ?”

“ತಗೊಂಡ್ರು.”

ನಾನು ಅತ್ತಿಗೆಯ ಕೈ ನೋಡಿದೆ. ಚೀಲದ ಹಿಡಿಯನ್ನು ತಿರುಚುತ್ತಿತ್ತು. ನರ್ಸೂ ಅದನ್ನೇ ನೋಡಿದರೋ ಏನೋ.

“ನೋಡಮ್ಮ, ಈ ಸೋಂಕು ಯಾರಿಂದ ಯಾರಿಗೆ ಬಂತು ಅಂತ ನಾನು ಕೇಳಲ್ಲ. ಕೆಲವು ಸಲ ತುಂಬ ದಿನದಿಂದ ಒಳಗೇ ಇದ್ದು ಗೊತ್ತೇ ಆಗಿರಲ್ಲ. ಎಷ್ಟೋ ಗಂಡಸರಿಗೆ ಉರಿ ನೋವು ಏನೂ ಇರಲ್ಲ, ಅದಕ್ಕೇ ನನಗೇನಾಗಿದೆ ಅಂತಾರೆ. ಇಬ್ಬರೂ ಒಟ್ಟಿಗೇ ತಗೋಬೇಕು. ನೀನೊಬ್ಬಳೇ ತಗೊಂಡ್ರೆ ವಾಸಿಯಾಗುತ್ತೆ, ಅವರು ಮತ್ತೆ ಕೊಡ್ತಾರೆ. ಹೀಗೇ ಬಿಟ್ರೆ ಗರ್ಭಕೋಶದ ತನಕ ಹೋಗುತ್ತೆ.” ಎರಡು ಜೊತೆ ಮಾತ್ರೆ ಮೇಜಿನ ಮೇಲಿಟ್ಟರು. “ಇದು ನಿನಗೆ, ಇದು ಅವರಿಗೆ. ಊಟ ಆದ ಮೇಲೆ ಒಂದೇ ಸಲಕ್ಕೆ ನುಂಗೋದು. ಇಬ್ಬರದೂ ವಾಸಿಯಾಗೋ ತನಕ ಹತ್ತಿರ ಹೋಗಬೇಡ. ಹೋದ್ರೂ ಕಾಂಡೋಮ್ ಇಲ್ಲದೆ ಬೇಡ. ಇನ್ನೊಂದು ತಿಳ್ಕೋ. ನಿನ್ನ ಬಟ್ಟಲು ಬಸಿರು ತಡೆಯುತ್ತೆ, ರೋಗ ತಡೆಯಲ್ಲ.”

“ಅವರು ಹಾಕ್ಕೊಳ್ಳಲ್ಲ ಅಂದ್ರೆ?”

ನರ್ಸು ಡ್ರಾಯರ್ ಎಳೆದು ಬೇರೆ ಪೊಟ್ಟಣ ತೆಗೆದರು. “ಅದಕ್ಕೇ ಹೆಂಗಸರದ್ದೂ ಇದೆ. ಇದನ್ನ ನೀನೇ ಹಾಕ್ಕೊಳ್ಳೋದು. ಎರಡಕ್ಕೂ ಆಗುತ್ತೆ, ಬಸಿರಿಗೂ ರೋಗಕ್ಕೂ. ಇಬ್ಬರೂ ಒಟ್ಟಿಗೆ ಹಾಕ್ಕೋಬಾರದು, ಉಜ್ಜಿ ಹರಿಯುತ್ತೆ. ಯಾರಾದ್ರೂ ಒಬ್ಬರು.” ಪೊಟ್ಟಣ ಹರಿದು ಒಂದನ್ನು ಬಿಡಿಸಿ ತೋರಿಸಿದರು. ಎರಡು ತುದಿಯಲ್ಲೂ ಬಳೆಯಂಥ ಉಂಗುರವಿದ್ದ ಮೆತ್ತಗಿನ ಚೀಲ. ಒಳಗಿನ ಬಳೆಯನ್ನು ಎರಡು ಬೆರಳಲ್ಲಿ ಹಿಸುಕಿ ಹೇಗೆ ಒಳಗೆ ತಳ್ಳಬೇಕು, ಹೊರಗಿನ ಬಳೆ ಹೇಗೆ ಹೊರಗೇ ಉಳಿಯಬೇಕು ಎಂದು ತಮ್ಮ ಮುಷ್ಟಿಯಲ್ಲೇ ಮಾಡಿ ತೋರಿಸಿದರು. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ.

“ನಿನಗೆ ಮದುವೆ ಆಗಿದೆಯಾ?”

“ಇಲ್ಲ.”

“ಆಗದಿದ್ರೂ ನೋಡು. ನೋಡಿದ್ರೆ ಯಾರೂ ಬಸಿರಾಗಲ್ಲ.”

ನೋಡಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತಿಗೆ ಕಿಟಕಿಯ ಹೊರಗೆ ನೋಡುತ್ತ, “ಸುಳ್ಳು ಹೇಳಿದೆ,” ಅಂದಳು.

“ಗೊತ್ತು.”

“ಹೋದ ಸಲ ಬಂದಾಗ ಕೊಟ್ಟಿದ್ದೆ. ದಾರೀಲಿ ತಗೋತೀನಿ ಅಂತ ಜೇಬಿಗೆ ಹಾಕ್ಕೊಂಡ್ರು. ಹೊರಡುವಾಗ ಆ ಪ್ಯಾಂಟ್ ಇಲ್ಲೇ ಬಿಚ್ಚಿಟ್ಟು ಹೋದ್ರು. ಒಗೆಯೋವಾಗ ಹಾಗೇ ಸಿಕ್ತು.” ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದಳು: “ನಿಮ್ಮಣ್ಣ ಕೆಟ್ಟವರಲ್ಲ.”

“ಗೊತ್ತು ಅತ್ತಿಗೆ.”

“ಅದೇ ತೊಂದರೆ. ಕೆಟ್ಟವರಾಗಿದ್ರೆ ಜಗಳ ಆಡೋದು ಸುಲಭ.”

ಮನೆಗೆ ಬಂದರೆ ಬಚ್ಚಲುಮನೆಯಿಂದ ಟಕ್ ಟಕ್ ಸದ್ದು. ಅಮ್ಮ ಸ್ಟೂಲಿನ ಮೇಲೆ ನಿಂತು, ಗಾಳಿ ಬರುವ ಕಿಂಡಿಯ ಪಕ್ಕದಲ್ಲಿ ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ಮೊಳೆಗೆ ಜಾಮ್ ಸೋಸುವ ತೆಳು ಬಟ್ಟೆಯಲ್ಲಿ ಹೊಲಿದ ಪುಟ್ಟ ಚೀಲ ತೂಗುಹಾಕಿದಳು.

“ಇದು ನಿನ್ನ ಮೊಳೆ,” ಅಂದಳು ಅತ್ತಿಗೆಗೆ, ಮುಖ ನೋಡದೆ. “ಹೊಸದು ಬಂದ ಮೇಲೆ ತೊಳೆದು ಇದರೊಳಗೆ ಹಾಕು. ಗಾಳಿಯಾಡುತ್ತೆ. ಈ ಮೊಳೆ ಮೇಲಿರೋದನ್ನ ಈ ಮನೇಲಿ ಯಾರೂ ಮುಟ್ಟಲ್ಲ. ಎಣ್ಣೆ ಕೈ ತಾಗಿಸಬೇಡ, ರಬ್ಬರಿಗೆ ಎಣ್ಣೆ ಆಗಲ್ಲ.”

“ನರ್ಸೂ ಅದನ್ನೇ ಹೇಳಿದ್ರು ಅತ್ತೆ. ಆಗಾಗ ಬೆಳಕಿಗೆ ಹಿಡಿದು ತೂತಿದೆಯಾ ನೋಡು ಅಂತಾನೂ ಹೇಳಿದ್ರು.”

“ನಾನೂ ಬೆಳಕಿಗೆ ಹಿಡಿದೇ ನೋಡಿದ್ದೆ,” ಅಂದಳು ಅಮ್ಮ. “ಒಳ್ಳೇ ಮಾಲು. ಒಂದೂ ಬಿರುಕಿರಲಿಲ್ಲ.” ಸ್ಟೂಲಿನಿಂದ ಇಳಿಯುವಾಗ ಅತ್ತಿಗೆಯ ಭುಜ ಹಿಡಿದುಕೊಂಡಳು. ಇಳಿದ ಮೇಲೂ ಕೈ ತೆಗೆಯಲಿಲ್ಲ.

ಹೊಸದು ಬರುವ ಮುಂಚೆಯೇ ಅಣ್ಣ ಬಂದ. ಅವನು ದೂರದೂರದ ಊರಿಗೆ ಸರಕು ಸಾಗಿಸುವ ಲಾರಿ ಓಡಿಸುತ್ತಾನೆ. ಬೀದಿಯ ತುದಿಯಲ್ಲೇ ಹಾರ್ನ್ ಬಾರಿಸುತ್ತಾನೆ, ಉದ್ದಕ್ಕೆ ಒಂದು, ಗಿಡ್ಡಕ್ಕೆ ಎರಡು. ಗುಬ್ಬಿ ಗೋಡೆ ಬಿಟ್ಟು ಬಾಗಿಲ ಕಡೆ ಓಡಲು ಹೋಗಿ ಬಿತ್ತು. ಅಣ್ಣ ಒಂದು ಕೈಯಲ್ಲಿ ಅದನ್ನು ಎತ್ತಿಕೊಂಡ, ಇನ್ನೊಂದು ಕೈಯಲ್ಲಿ ಅಜ್ಜಿಯನ್ನು ಕುರ್ಚಿ ಸಮೇತ ಎತ್ತಲು ನೋಡಿದ.

“ಇಳಿಸೋ, ಸೊಂಟ ಮುರಿಯುತ್ತೆ!”

“ಯಾರದ್ದು ಅಜ್ಜಿ? ನಿನ್ನದಾ ನನ್ನದಾ?” ಆಮೇಲೆ ನನ್ನ ತಲೆಗೆ ಮೊಟಕಿ, “ಏನ್ ಮೌನಮ್ಮ, ನಾನಿಲ್ಲದಾಗ ಮಾತು ಬಂತಾ?” ಅಂದ. ಅಮ್ಮನಿಗೆ ಉದ್ದ ಹಿಡಿಯ ದೊಡ್ಡ ಸೌಟು ತಂದಿದ್ದ, ಜಾಮ್ ಕಲಕುವಾಗ ಕೈಗೆ ಸಿಡಿಯದಂತೆ. ಅತ್ತಿಗೆಗೆ ಹತ್ತಿಯ ಬಿಳಿ ಅಂಗಿ. ಅವಳು ಅದನ್ನು ಮೈಗೆ ಹಿಡಿದು ನೋಡಿ ನಕ್ಕಳು. ಅವನ ಮುಖ ಅರಳಿತು. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡುವುದನ್ನು ನೋಡಿದರೆ ನನಗೇ ಹೊಟ್ಟೆಯೊಳಗೆ ಬೆಚ್ಚಗಾಗುತ್ತದೆ.

ಅವನು ಸ್ನಾನಕ್ಕೆ ಹೋದಾಗ ಅಮ್ಮ ಅತ್ತಿಗೆಯ ಹಾಸಿಗೆ ಸುತ್ತಿ ಅಜ್ಜಿಯ ಕೋಣೆಗೆ ಸಾಗಿಸಿದಳು. ಅಣ್ಣ ಕೇಳಿದಾಗ, “ಗುಬ್ಬಿಗೆ ಹಲ್ಲು ಬರ್ತಿದೆ. ರಾತ್ರಿಯೆಲ್ಲ ಅಳುತ್ತೆ. ನೀನು ದಣಿದು ಬಂದಿದ್ದೀಯ, ಮಲಗು,” ಅಂದಳು.

ಮಾರನೆಯ ಬೆಳಿಗ್ಗೆ ಟೀ ಕುಡಿಯುತ್ತ ಅಣ್ಣ ಕೇಳಿದ: “ಹಲ್ಲು ಬಂತಾ?”

“ಇನ್ನೂ ಇಲ್ಲ,” ಅಂದಳು ಅಮ್ಮ.

ಅದರ ಮಾರನೆಯ ಬೆಳಿಗ್ಗೆ ಬ್ರೆಡ್ಡನ್ನು ಟೀಯಲ್ಲಿ ಅದ್ದಿ ಅದ್ದಿ, “ಇವತ್ತಾದ್ರೂ ಬಂತಾ?” ಅಂದ.

“ನನ್ನ ಬಾಯಿಂದ ಹೋಗಿದ್ದೆಲ್ಲ ಗುಬ್ಬಿಗೆ ಬರಬೇಕಲ್ಲ. ಸಮಯ ಹಿಡಿಯುತ್ತೆ,” ಅಂದಳು ಅಜ್ಜಿ.

ಅವನು ಗುಬ್ಬಿಯ ಬಾಯಿ ತೆರೆಸಿ ನೋಡಿದ. ಹಲ್ಲು ಮೊದಲೇ ಬಂದಿದ್ದವು. ಲೋಟ ಕುಕ್ಕಿ ಎದ್ದು ಹೋದ.

ಆ ವಾರ ಕಿತ್ತಳೆ ಜಾಮಿನ ದೊಡ್ಡ ಕೆಲಸವಿತ್ತು. ಕುದಿಯುವ ಜಾಮನ್ನು ಬಿಟ್ಟು ಯಾರೂ ಏಳುವಂತಿಲ್ಲ. ಕಲಕುವುದು ನಿಂತರೆ ತಳ ಹಿಡಿಯುತ್ತದೆ. ತಳ ಹಿಡಿದರೆ ಇಡೀ ಪಾತ್ರೆ ಚರಂಡಿಗೆ. ಮಧ್ಯಾಹ್ನ ಅಣ್ಣ ಹೊಸ ಸೌಟು ಹಿಡಿದು ಕಲಕುತ್ತಿದ್ದ. ಅತ್ತಿಗೆ ಸಕ್ಕರೆ ಸುರಿಯುತ್ತಿದ್ದಳು. ಅಮ್ಮ ಬಿಸಿ ಜಾಡಿಗೆ ತುಂಬುತ್ತಿದ್ದಳು. ನಾನು ವಾಷರ್ ಹಾಕಿ ಮುಚ್ಚಳದ ಕೊಂಡಿ ಬಿಗಿಯುತ್ತಿದ್ದೆ. ಅಜ್ಜಿ ಗುಬ್ಬಿಯನ್ನು ಹಿಡಿದುಕೊಂಡಿದ್ದಳು.

“ನನ್ನ ಮನೇಲಿ ನಾನು ಪರದೇಶಿಯಾ?” ಅಣ್ಣ ಇದ್ದಕ್ಕಿದ್ದ ಹಾಗೆ ಅಂದ, ಪಾತ್ರೆಯೊಳಗೆ ನೋಡುತ್ತಲೇ.

“ಸಣ್ಣ ದನೀಲಿ ಮಾತಾಡಿ,” ಅಂದಳು ಅತ್ತಿಗೆ.

“ಯಾಕೆ? ಎಲ್ಲರೂ ಸೇರಿ ತಾನೇ ಮಾಡ್ತಿರೋದು? ನೀನು ಬೇಡ ಅಂದ್ರೆ ಬೇಡ ಅನ್ನು. ಮಗು ಹಲ್ಲಿನ ಮೇಲೆ ಯಾಕೆ ಹಾಕ್ತೀಯ?”

“ಬೇಡ ಅಂದಿಲ್ಲ. ಆಸ್ಪತ್ರೇಲಿ ನಿಮಗೆ ಅಂತ ಕೊಟ್ಟ ಪೊಟ್ಟಣಾನ ನಿಮ್ಮ ದಿಂಬಿನ ಕೆಳಗೆ ಇಟ್ಟಿದ್ದೆ. ಎತ್ತಿ ಕಿಟಕಿ ಮೇಲಿಟ್ರಿ.”

ಅಣ್ಣನ ಕಿವಿ ಕೆಂಪಾಯಿತು. ಅಮ್ಮನ ಕಡೆ ನೋಡಿದ. “ಅಮ್ಮಾ, ನೀನು ಸ್ವಲ್ಪ ಹೊರಗೆ ಹೋಗು.”

“ಜಾಡಿ ತಣ್ಣಗಾದ್ರೆ ಒಡೆಯುತ್ತೆ. ನಾನೆಲ್ಲಿಗೂ ಹೋಗಲ್ಲ,” ಅಂದಳು ಅಮ್ಮ. “ಕಲಕು.”

ಅವನು ಕಲಕಿದ. “ಕಟ್ಕೊಂಡ ಹೆಂಡತಿ ಹತ್ತಿರ ಹೋಗೋಕೆ ಅದನ್ನ ಹಾಕ್ಕೋಬೇಕಾ? ನನ್ನ ಮೇಲೆ ಅನುಮಾನನಾ ನಿನಗೆ?”

“ಅನುಮಾನ ಅಲ್ಲ, ಭಯ.”

“ಏನು ಭಯ? ನಾನು ನೋಡ್ಕೊಳ್ಳಲ್ವಾ? ಜಾಗ್ರತೆಯಾಗಿರ್ತೀನಿ.”

“ಜಾಗ್ರತೆ!” ಅಂದಳು ಅಜ್ಜಿ. “ನಿಮ್ಮ ತಾತನೂ ಜಾಗ್ರತೆಯಾಗೇ ಇದ್ರು ಕಣೋ. ಆ ಜಾಗ್ರತೆಯಿಂದ ಹುಟ್ಟಿದವನೇ ನಿಮ್ಮಪ್ಪ.”

“ಅಜ್ಜೀ!”

“ಕಲಕೋ, ತಳ ಹಿಡೀತಿದೆ,” ಅಂದಳು ಅಮ್ಮ. ಆಮೇಲೆ ತುಂಬುತ್ತಿದ್ದ ಜಾಡಿಯನ್ನು ಮೇಜಿನ ಮೇಲಿಟ್ಟಳು. “ಅವಳ ಹತ್ತಿರ ಒಂದಿತ್ತು. ನಿನಗೂ ತೊಂದರೆಯಿಲ್ಲ, ಅವಳಿಗೂ ತೊಂದರೆಯಿಲ್ಲ. ಅದನ್ನ ವಾಷರ್ ಅಂದ್ಕೊಂಡು ಕತ್ತರಿಸಿ ಹಾಕಿದವಳು ನಾನು. ಬೈಯೋದಾದ್ರೆ ನನಗೆ ಬೈಯಿ.”

ಅಣ್ಣ ಸೌಟನ್ನು ಇನ್ನೂ ಜೋರಾಗಿ ತಿರುಗಿಸಿದ. ಅಮ್ಮನ ಜೊತೆ ಇಂಥ ಮಾತು ಆಡುವುದಿರಲಿ, ಕೇಳಿಸಿಕೊಳ್ಳುವುದೂ ಅವನಿಗೆ ಸಾಧ್ಯವಿರಲಿಲ್ಲ. ಸೌಟು ಬಿಟ್ಟು ಓಡುವ ಹಾಗೂ ಇರಲಿಲ್ಲ.

“ಗುಬ್ಬಿ ಹುಟ್ಟಿದ ದಿನ ನೀನು ಎಲ್ಲಿದ್ದೆ?” ಅಮ್ಮ ಕೇಳಿದಳು.

“ಗೊತ್ತಲ್ಲ ನಿನಗೆ. ಗಡೀಲಿ ಗಾಡಿ ನಿಲ್ಲಿಸಿದ್ರು. ನಾನೇನು ಬೇಕಂತ...”

“ನಿನ್ನ ತಪ್ಪು ಅಂತ ಹೇಳ್ತಿಲ್ಲ. ನೀನು ಬಂದಾಗ ಇವಳು ಎದ್ದು ಕೂತಿದ್ಳು, ತಲೆ ಬಾಚಿತ್ತು, ಮಗು ಮಡಿಲಲ್ಲಿತ್ತು. ನೀನು ನೋಡಿದ್ದು ಅದು. ನಾನು ನೋಡಿದ್ದು ಬೇರೆ. ನಾನು ಅವಳ ಕಾಲು ಹಿಡ್ಕೊಂಡಿದ್ದೆ. ಕಾಲು ತಣ್ಣಗಾಗ್ತಾ ಬಂತು. ಈ ಜಾಡಿ ಆರೋ ಹಾಗೆ. ನಾನು ಉಜ್ತಾನೇ ಇದ್ದೆ. ಡಾಕ್ಟರು ನನ್ನನ್ನ ಪಕ್ಕಕ್ಕೆ ತಳ್ಳಿದ್ರು.” ಅಮ್ಮನ ದನಿ ಗಟ್ಟಿಯಾಗೇ ಇತ್ತು. ಕೈ ಮಾತ್ರ ಸೆರಗು ಹುಡುಕುತ್ತಿತ್ತು. “ಗುಬ್ಬಿಗೆ ಜೊತೆ ಬೇಕು ಅಂತ ನಾನೇ ಅಂತಿದ್ದೆ. ಇನ್ನು ಅನ್ನಲ್ಲ. ಗುಬ್ಬಿಗೆ ಅವರಮ್ಮ ಇದ್ರೆ ಸಾಕು.”

ಜಾಮ್ ಗುಳುಗುಳು ಎನ್ನುತ್ತಿತ್ತು. ಅಣ್ಣ ಕಲಕುತ್ತಲೇ ಇದ್ದ. ಆಗಬೇಕಾದ್ದಕ್ಕಿಂತ ಹೆಚ್ಚು ಕಲಕಿದ. ಅತ್ತಿಗೆ ಹತ್ತಿರ ಹೋಗಿ ಒಲೆ ಆರಿಸಿದಳು. ಅವನ ಹಣೆಯ ಬೆವರನ್ನು ತನ್ನ ತೋಳಿಂದ ಒರೆಸಿದಳು.

ಸಂಜೆ ಅಣ್ಣ ತಾನೇ ಅಜ್ಜಿಯ ಕೋಣೆಗೆ ಹೋಗಿ ಅತ್ತಿಗೆಯ ಹಾಸಿಗೆ ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಬಂದ. ಕಿಟಕಿಯ ಮೇಲಿದ್ದ ಪೊಟ್ಟಣ ಅವನ ಅಂಗಿಯ ಜೇಬಿನಲ್ಲಿತ್ತು. ನಾವೆಲ್ಲ ಊಟದ ಮೇಜಿನಲ್ಲಿ ತಟ್ಟೆ ನೋಡುತ್ತ ಕೂತೆವು.

“ಹಲ್ಲು ಬಂತು ಅಂತ ಕಾಣುತ್ತೆ,” ಅಂದಳು ಅಜ್ಜಿ.

ಅಮ್ಮನಿಗೆ ನಗು ತಡೆಯಲಾಗದೆ ನೀರು ನೆತ್ತಿಗೇರಿತು. ಅಣ್ಣನೂ ನಕ್ಕ. ಹಾಸಿಗೆ ಹೊತ್ತುಕೊಂಡೇ ನಕ್ಕಿದ್ದರಿಂದ ಬಾಗಿಲಿಗೆ ತಾಗಿ ಬೀಳುವುದರಲ್ಲಿದ್ದ.

ಆಮೇಲಿನ ದಿನಗಳು ಚೆನ್ನಾಗಿದ್ದವು. ಅಣ್ಣ ಸೋರುವ ನಲ್ಲಿ ಸರಿಮಾಡಿದ. ಜಾಡಿಯ ಪೆಟ್ಟಿಗೆಗಳನ್ನು ಅಂಗಡಿಗೆ ಹೊತ್ತ. ಅತ್ತಿಗೆ ಬಿಳಿ ಅಂಗಿ ಹಾಕಿಕೊಂಡು ಓಡಾಡಿದಳು. ಇಬ್ಬರೂ ಕಿತ್ತಳೆ ಸಿಪ್ಪೆ ಒಬ್ಬರ ಮೇಲೊಬ್ಬರು ಎಸೆದಾಡಿದರು. ಗುಬ್ಬಿ ಗೋಡೆ ಬಿಟ್ಟು ಮೊದಲ ಸಲ ಅಣ್ಣನ ಕಡೆಗೇ ನಡೆಯಿತು. ಹೊಸ ಬಟ್ಟಲು ಬಂದಿದೆ ಎಂದು ಆಸ್ಪತ್ರೆಯಿಂದ ಫೋನ್ ಬಂದಾಗ ಅಮ್ಮನೇ ಹೋಗಿ ತಂದಳು. ನರ್ಸು ಕೇಳಿದರಂತೆ: “ಕತ್ತರಿಸಿದವರು ನೀವೇನಾ?” ಅಮ್ಮ ಅವರಿಗೆ ಒಂದು ಜಾಡಿ ಜಾಮ್ ಕೊಟ್ಟು ಬಂದಿದ್ದಳು. ಉರಿ ಪೂರ್ತಿ ವಾಸಿಯಾಗದೆ ಬಟ್ಟಲು ಇಡಬಾರದು, ಇಬ್ಬರೂ ಮಾತ್ರೆ ತಗೊಂಡಾಗಿದೆಯಾ ಎಂದೂ ಕೇಳಿದ್ದರಂತೆ. ಅಮ್ಮ ಅದನ್ನು ಅತ್ತಿಗೆಗೆ ಮಾತ್ರ ಹೇಳಿದಳು. ಬಟ್ಟಲು ಡಬ್ಬಿ ಸಮೇತ ಮೊಳೆಯ ಚೀಲದೊಳಗೆ ಕಾಯುತ್ತಿತ್ತು.

ಅತ್ತಿಗೆ ತನ್ನ ಮಾತ್ರೆಯನ್ನು ಅಣ್ಣ ಬಂದ ದಿನ ಊಟವಾದ ಮೇಲೆ ನುಂಗಿದ್ದಳು. ಅವನದನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟಿದ್ದಳು. “ಆಮೇಲೆ,” ಅಂದಿದ್ದ. ಇನ್ನೊಂದು ದಿನ ಹಿತ್ತಲಲ್ಲಿ ಬಟ್ಟೆ ಹರವುತ್ತ ಅವಳು ಮತ್ತೆ ಕೇಳಿದ್ದು ನನಗೆ ಕೇಳಿಸಿತ್ತು.

“ಹೇಳಿದ ಹಾಗೆ ಅದನ್ನ ಹಾಕ್ಕೊಳ್ತಿದ್ದೀನಲ್ಲ. ಇನ್ನೂ ಏನು?”

“ಅದು ಬೇರೆ, ಇದು ಬೇರೆ.”

“ಇದನ್ನ ನುಂಗಿದ್ರೆ ನಾನೇ ಎಲ್ಲಿಂದಲೋ ತಂದು ಅಂಟಿಸಿದೆ ಅಂತ ಒಪ್ಕೊಂಡ ಹಾಗಲ್ವಾ?”

“ನಾನು ಏನೂ ಕೇಳಿಲ್ಲ. ಕೇಳೋದೂ ಇಲ್ಲ. ನುಂಗಿ, ಅಷ್ಟೇ.”

ಆಗ ಗುಬ್ಬಿ ಬಕೆಟ್ಟಿನೊಳಗೆ ತಲೆ ಹಾಕಿತು. ಇಬ್ಬರೂ ಅದರ ಕಡೆ ಓಡಿದರು. ಮಾತು ಅಲ್ಲಿಗೇ ನಿಂತಿತು.

ಹೊರಡುವ ಬೆಳಿಗ್ಗೆ ಅಣ್ಣನ ಚೀಲ ತುಂಬಿಸುವ ಕೆಲಸ ನನ್ನದು. ಒಗೆದ ಅಂಗಿ, ಟವೆಲು, ಸಾಬೂನು. ಪಕ್ಕದ ಜೇಬಿಗೆ ಬಾಚಣಿಗೆ ಹಾಕಲು ಹೋದಾಗ ಕೈಗೆ ಮಾತ್ರೆಯ ಹಾಳೆ ಸಿಕ್ಕಿತು. ಒಂದೂ ಒಡೆದಿರಲಿಲ್ಲ. ಅಡುಗೆಮನೆಗೆ ಹೋಗಿ ಅತ್ತಿಗೆಯ ಕೈಯಲ್ಲಿಟ್ಟೆ. ಅವಳು ನೋಡಿದಳು. ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿದಳು.

ಬೀದಿಯಲ್ಲಿ ಲಾರಿ ಗುರುಗುಟ್ಟುತ್ತಿತ್ತು. ಅಮ್ಮ ದಾರಿಗೆಂದು ಎರಡು ಜಾಡಿ ಜಾಮ್ ತಂದು ಸೀಟಿನ ಹಿಂದೆ ಬಟ್ಟೆ ಸುತ್ತಿ ಇಟ್ಟಳು. ಅಜ್ಜಿ ಕುರ್ಚಿಯನ್ನು ಬಾಗಿಲ ತನಕ ಎಳೆಸಿಕೊಂಡಿದ್ದಳು. ಅಣ್ಣ ಗುಬ್ಬಿಯನ್ನು ಸ್ಟೀರಿಂಗಿನ ಮುಂದೆ ಕೂರಿಸಿ ಹಾರ್ನ್ ಒತ್ತಿಸಿ ನನ್ನ ಕೈಗೆ ಕೊಟ್ಟ. “ಬರ್ಲಾ ಮೌನಮ್ಮ,” ಅಂದ. ಅಮ್ಮನ ಕೆನ್ನೆ ಹಿಂಡಿದ. ಒಂದು ಕಾಲು ಮೆಟ್ಟಿಲ ಮೇಲಿಟ್ಟು ಅತ್ತಿಗೆಯ ಕಡೆ ತಿರುಗಿದ.

ಅವಳು ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಕೈಯಲ್ಲಿ ಮಾತ್ರೆ ಹಿಡಿದು ನಿಂತಿದ್ದಳು.

ಅಣ್ಣ ಕೈ ಚಾಚಿದ. “ಕೊಡು. ದಾರೀಲಿ ತಗೋತೀನಿ.”

ಅವಳು ಕೊಡಲಿಲ್ಲ. “ಹೋದ ಸಲಾನೂ ಹಾಗೇ ಅಂದ್ರಿ.”

ಅವನು ಅಮ್ಮನನ್ನು ನೋಡಿದ. ಅಮ್ಮ ಅವನನ್ನೇ ನೋಡುತ್ತಿದ್ದಳು. ಅಜ್ಜಿಯನ್ನು ನೋಡಿದ. ಯಾವಾಗಲೂ ಒಂದು ಮಾತು ಸಿದ್ಧವಾಗಿಟ್ಟುಕೊಂಡಿರುವ ಅಜ್ಜಿ ಈ ಸಲ ಸುಮ್ಮನಿದ್ದಳು. ಅವನ ಕಾಲು ಮೆಟ್ಟಿಲ ಮೇಲೇ ಇತ್ತು. ಗುಬ್ಬಿ ನನ್ನ ತೋಳಿನಿಂದ ಲೋಟದ ಕಡೆ ಕೈ ಚಾಚುತ್ತಿತ್ತು. ಲಾರಿಯ ನಡುಕಕ್ಕೆ ಲೋಟದ ನೀರಿನಲ್ಲಿ ಸಣ್ಣ ಸಣ್ಣ ಉಂಗುರ ಏಳುತ್ತಿದ್ದವು.

ಅತ್ತಿಗೆ ಲೋಟವನ್ನು ಇನ್ನೂ ಸ್ವಲ್ಪ ಮುಂದಕ್ಕೆ ಹಿಡಿದಳು.

“ಇಲ್ಲೇ, ನನ್ನ ಮುಂದೆ ನುಂಗಿ ಹೋಗಿ,” ಅಂದಳು.